ಸಾಕು ಹೆಬ್ಬಾವು: ಬೆಳವಣಿಗೆ ಮತ್ತು ಆಹಾರ

ಮನೆಗಳಲ್ಲಿ, ಮೃಗಾಲಯಗಳಲ್ಲಿ ಹಾಗೂ ಚರ್ಮ, ಮಾಂಸಗಳಿಗಾಗಿ ನಡೆಸುವ ಫಾರಂಗಳಲ್ಲಿ ಮನುಷ್ಯನ ಕೈಕೆಳಗೆ ಬೆಳೆಯುವ ದೊಡ್ಡ ಜಾತಿಯ ಹೆಬ್ಬಾವುಗಳ ದೇಹ ಹೇಗೆ ಬೆಳೆಯುತ್ತದೆ, ಅವಕ್ಕೆ ಏನನ್ನು, ಎಷ್ಟು ದಿನಕ್ಕೊಮ್ಮೆ ಉಣಿಸಬೇಕು ಎಂಬುದು ಈ ಲೇಖನದ ವಿಷಯ. ಕಾಡಿನಲ್ಲಿ ಹೆಬ್ಬಾವಿನ ಗಾತ್ರವನ್ನು ತೀರ್ಮಾನಿಸುವುದು ಅದರ ವಂಶ, ಅಲ್ಲಿನ ಹವೆ ಮತ್ತು ಸಿಕ್ಕಿದ ಬೇಟೆ. ಗೂಡಿನಲ್ಲಿ ಹವೆಯೂ ಬೇಟೆಯೂ ಸಾಕುವವರ ಕೈಗೆ ಬಂದುಬಿಡುತ್ತವೆ. ಅಪರೂಪಕ್ಕೊಮ್ಮೆ ಹೊಟ್ಟೆ ಬಿರಿಯೆ ಉಂಡು, ಉಳಿದ ಕಾಲವನ್ನು ಬರಿಹೊಟ್ಟೆಯಲ್ಲಿ ಕಳೆಯಲು ಅಣಿಯಾದ ದೇಹಕ್ಕೆ ವಾರವಾರವೂ ತಪ್ಪದೆ ಊಟ ಸಿಗತೊಡಗಿದರೆ ಏನಾಗುತ್ತದೆ? ಸಾಕು ಹೆಬ್ಬಾವಿನ ಗಾತ್ರ, ಕಾಯಿಲೆ, ಆಯುಷ್ಯ ಎಲ್ಲವೂ ಈ ಪ್ರಶ್ನೆಗೆ ತಳುಕು ಹಾಕಿಕೊಂಡಿವೆ.

ಪ್ರಭೇದಗಳು

ಸಾಕಣೆಯಲ್ಲಿ ಹೆಚ್ಚಾಗಿ ಕಾಣುವ ದೊಡ್ಡ ಹೆಬ್ಬಾವುಗಳು ಎರಡು. ಒಂದು ಬರ್ಮಾ ಹೆಬ್ಬಾವು, ಪೈಥಾನ್ ಬೈವಿಟ್ಟೇಟಸ್. ಈಶಾನ್ಯ ಭಾರತದಿಂದ ದಕ್ಷಿಣ ಚೀನಾ, ವಿಯೆಟ್ನಾಂ, ಜಾವಾದವರೆಗೆ ಹಬ್ಬಿರುವ ಇದನ್ನು ಬಹುಕಾಲ ಭಾರತೀಯ ಹೆಬ್ಬಾವಿನ ಉಪಪ್ರಭೇದವೆಂದು ಎಣಿಸುತ್ತಿದ್ದರು; 2009ರಲ್ಲಿ ಪ್ರತ್ಯೇಕ ಪ್ರಭೇದವೆಂದು ಗುರುತಿಸಲಾಯಿತು. ಸ್ವಭಾವದಲ್ಲಿ ತುಸು ಸಾಧು, ಗೂಡಿನಲ್ಲಿ ಸುಲಭವಾಗಿ ಮರಿ ಮಾಡುತ್ತದೆ ಎಂಬ ಕಾರಣಕ್ಕೆ ಅಮೆರಿಕ ಮತ್ತು ಯುರೋಪಿನ ಹವ್ಯಾಸಿಗಳಲ್ಲಿ ಇದು ಜನಪ್ರಿಯವಾಯಿತು. ಹಳದಿ ಮಿಶ್ರಿತ ಬಿಳಿ ಬಣ್ಣದ ಆಲ್ಬಿನೋ ತಳಿ ಬಂದ ಮೇಲಂತೂ ಬೇಡಿಕೆ ಇನ್ನಷ್ಟು ಏರಿತು. ಇನ್ನೊಂದು ಜಾಲರಿ ಹೆಬ್ಬಾವು, ಮಲಯೋಪೈಥಾನ್ ರೆಟಿಕ್ಯುಲೇಟಸ್. ಮೈಮೇಲೆ ಬಲೆ ಹರಡಿದಂಥ ಚಿತ್ತಾರವಿರುವ ಇದು ಜಗತ್ತಿನ ಅತಿ ಉದ್ದದ ಹಾವು. ಇಂಡೊನೇಷ್ಯ, ಫಿಲಿಪೀನ್ಸ್‌ಗಳ ಜೊತೆಗೆ ನಮ್ಮ ನಿಕೋಬಾರ್ ದ್ವೀಪಗಳಲ್ಲಿಯೂ ಇದೆ.

ಆಫ್ರಿಕದ ಕಲ್ಲು ಹೆಬ್ಬಾವು ಮತ್ತು ಆಸ್ಟ್ರೇಲಿಯ, ನ್ಯೂಗಿನಿಗಳ ಸ್ಕ್ರಬ್ ಪೈಥಾನುಗಳೂ ಸಾಕಣೆಯಲ್ಲಿವೆ. ಆದರೆ ಸಿಡುಕಿನ ಸ್ವಭಾವದ ದೆಸೆಯಿಂದ ಕಡಿಮೆ. ಕರ್ನಾಟಕದ ಕಾಡು, ಗದ್ದೆ, ಕೆರೆಯಂಚುಗಳಲ್ಲಿ ಕಾಣುವ ಭಾರತೀಯ ಹೆಬ್ಬಾವು, ಪೈಥಾನ್ ಮೊಲ್ಯುರಸ್, ಸಾಮಾನ್ಯವಾಗಿ 3 ಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಹವ್ಯಾಸಿಗಳಲ್ಲಿ ಈಗ ಎಲ್ಲಕ್ಕಿಂತ ಹೆಚ್ಚು ಮಾರಾಟವಾಗುವ ಬಾಲ್ ಪೈಥಾನ್ ಒಂದೂವರೆ ಮೀಟರ್ ದಾಟುವುದೇ ಅಪರೂಪ. ಅದನ್ನು ದೊಡ್ಡ ಹೆಬ್ಬಾವುಗಳ ಸಾಲಿಗೆ ಸೇರಿಸುವಂತಿಲ್ಲ.

ಗಾತ್ರ ಮತ್ತು ಅಳತೆ

ಹಾವಿನ ಉದ್ದದ ವಿಷಯದಲ್ಲಿ ಜನರ ಬಾಯಲ್ಲಿ ಅಡಿಗಳು ಬೆಳೆಯುತ್ತಲೇ ಹೋಗುತ್ತವೆ. ಮೃಗಾಲಯಗಳೂ ಇದಕ್ಕೆ ಹೊರತಲ್ಲ. ಅಮೆರಿಕದ ಪಿಟ್ಸ್‌ಬರ್ಗ್ ಮೃಗಾಲಯದಲ್ಲಿದ್ದ ಕೊಲೋಸಸ್ ಎಂಬ ಜಾಲರಿ ಹೆಬ್ಬಾವು 8.68 ಮೀಟರ್ ಉದ್ದವಿತ್ತೆಂದು ದಶಕಗಳ ಕಾಲ ಪುಸ್ತಕದಿಂದ ಪುಸ್ತಕಕ್ಕೆ ನಕಲಾಯಿತು. 1963ರಲ್ಲಿ ಸತ್ತ ಆ ಹಾವಿನ ಬಗ್ಗೆ ಉಳಿದ ದಾಖಲೆಗಳನ್ನು ಆಮೇಲೆ ಪರಿಶೀಲಿಸಿದವರು ಅದು ಸುಮಾರು 6.35 ಮೀಟರ್ ಇದ್ದಿರಬೇಕೆಂದು ತೀರ್ಮಾನಿಸಿದರು. ಇಲಿನಾಯ್ ರಾಜ್ಯದ ಗರ್ನಿಯಲ್ಲಿ ಪ್ರದರ್ಶನಕ್ಕಿಟ್ಟಿದ್ದ ಬೇಬಿ ಎಂಬ ಹೆಣ್ಣು ಬರ್ಮಾ ಹೆಬ್ಬಾವಿನದೂ ಇದೇ ಕಥೆ. 8 ಮೀಟರ್ ಮೀರಿದೆ ಎಂದು ಸಾರಲಾಗಿತ್ತು. ಸತ್ತ ಮೇಲೆ ನೆಟ್ಟಗೆ ಮಲಗಿಸಿ ಅಳೆದಾಗ ಸಿಕ್ಕಿದ್ದು 5.74 ಮೀಟರ್. ತೂಕ ಮಾತ್ರ ಸುಳ್ಳಲ್ಲ, 182.8 ಕಿಲೋ. ಆರು ಮೀಟರ್ ಕೂಡ ಇಲ್ಲದ ಮೈಯಲ್ಲಿ ಅಷ್ಟು ತೂಕವಿತ್ತೆಂದರೆ ಅದಕ್ಕೆ ಹೇಗೆ ಉಣಿಸಿದ್ದರೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಖಚಿತವಾಗಿ ಅಳೆದ ದಾಖಲೆ ಮೆಡೂಸಾ ಎಂಬ ಜಾಲರಿ ಹೆಬ್ಬಾವಿನದು. ಅಮೆರಿಕದ ಕ್ಯಾನ್ಸಾಸ್ ಸಿಟಿಯಲ್ಲಿ 2011ರ ಅಕ್ಟೋಬರ್ 12ರಂದು ಹದಿನೈದು ಮಂದಿ ಸಾಲಾಗಿ ಹಿಡಿದುಕೊಂಡು ಅಳೆದಾಗ ಅದರ ಉದ್ದ 7.67 ಮೀಟರ್, ತೂಕ 158.8 ಕಿಲೋ. ಸಾಕಣೆಯಲ್ಲಿದ್ದ ಹಾವುಗಳಲ್ಲೆಲ್ಲ ಅತಿ ಉದ್ದದ್ದೆಂದು ಗಿನ್ನೆಸ್ ದಾಖಲೆಗೆ ಸೇರಿದ್ದು ಅದೇ. ಒಂಬತ್ತು ಮೀಟರಿನ, ಅಂದರೆ ಮೂವತ್ತು ಅಡಿಯ ಜೀವಂತ ಹಾವನ್ನು ತಂದುಕೊಟ್ಟವರಿಗೆ ಬಹುಮಾನ ಕೊಡುವುದಾಗಿ ನ್ಯೂಯಾರ್ಕಿನ ಪ್ರಾಣಿಶಾಸ್ತ್ರ ಸಂಘ ಇಪ್ಪತ್ತನೆಯ ಶತಮಾನದಲ್ಲಿ ಸಾರಿ, ಮೊತ್ತವನ್ನು 50,000 ಡಾಲರಿಗೆ ಏರಿಸಿತ್ತು. ಆ ಹಣ ಯಾರ ಕೈಗೂ ಸೇರಲಿಲ್ಲ.

ಅಳತೆಯ ಗೊಂದಲಕ್ಕೆ ಉತ್ಪ್ರೇಕ್ಷೆಯೊಂದೇ ಕಾರಣವಲ್ಲ. ಬದುಕಿರುವ ಹೆಬ್ಬಾವು ನೆಟ್ಟಗೆ ಮಲಗುವುದಿಲ್ಲ. ಎಳೆದಷ್ಟೂ ಸ್ನಾಯು ಬಿಗಿಹಿಡಿಯುತ್ತದೆ. ಸುಲಿದ ಚರ್ಮವೂ ಕಳಚಿದ ಪೊರೆಯೂ ಹಿಗ್ಗುವುದರಿಂದ ಅವುಗಳ ಉದ್ದವನ್ನು ಹಾವಿನ ಉದ್ದವೆಂದು ನಂಬುವಂತಿಲ್ಲ. ಈ ಕಾರಣದಿಂದ ಬೆಳವಣಿಗೆಯ ಲೆಕ್ಕಕ್ಕೆ ಉದ್ದಕ್ಕಿಂತ ತೂಕವನ್ನು ನೆಚ್ಚುವುದು ಲೇಸು. ತಿಂಗಳಿಗೊಮ್ಮೆ, ಹೊಟ್ಟೆ ಖಾಲಿಯಿದ್ದಾಗ ತೂಗಿ ಬರೆದಿಟ್ಟ ಅಂಕಿಗಳು ಹಾವಿನ ಆರೋಗ್ಯದ ಬಗ್ಗೆ ಹೇಳುವಷ್ಟನ್ನು ಬೇರಾವುದೂ ಹೇಳದು.

ಬೆಳವಣಿಗೆಯ ಗತಿ

ಬರ್ಮಾ ಹೆಬ್ಬಾವಿನ ಮೊಟ್ಟೆಗಳು ಸುಮಾರು ಎರಡು ತಿಂಗಳ ಕಾವಿನ ನಂತರ ಒಡೆಯುತ್ತವೆ. ಆಗ ಮರಿಯ ಉದ್ದ ಅರ್ಧ ಮೀಟರಿನಷ್ಟು, ತೂಕ ನೂರು ಗ್ರಾಮಿನ ಮೇಲೆ ಸ್ವಲ್ಪ. ಜಾಲರಿ ಹೆಬ್ಬಾವಿನ ಮರಿ ಇದಕ್ಕಿಂತ ತುಸು ಉದ್ದ. ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಭಂಡಾರವೇ ಮೊದಲ ಕೆಲವು ದಿನಗಳಿಗೆ ಸಾಕಾಗುತ್ತದೆ. ಒಂದೆರಡು ವಾರದಲ್ಲಿ ಮೊದಲ ಪೊರೆ ಬಿಟ್ಟ ಮೇಲೆ ಮರಿ ಬೇಟೆಗೆ ಬಾಯಿ ಹಾಕುತ್ತದೆ. ಚೆನ್ನಾಗಿ ಉಣಿಸಿದರೆ ಮೊದಲ ವರ್ಷದ ಕೊನೆಗೆ ಅದು 2 ಮೀಟರ್ ದಾಟಬಲ್ಲದು. ಪೇಟೆಯಲ್ಲಿ ಅಗ್ಗಕ್ಕೆ ಸಿಕ್ಕಿ ಅಂಗೈಯಲ್ಲಿ ಸುರುಳಿಯಾಗಿ ಕುಳಿತಿದ್ದ ಮರಿ ಮೂರ್ನಾಲ್ಕು ವರ್ಷಗಳಲ್ಲಿ ಇಬ್ಬರು ಸೇರಿ ಎತ್ತಬೇಕಾದ ಪ್ರಾಣಿಯಾಗುವುದನ್ನು ಕೊಂಡವರಲ್ಲಿ ಬಹುಮಂದಿ ಮೊದಲೇ ಎಣಿಸಿರುವುದಿಲ್ಲ.

ಹಾವುಗಳು ಬದುಕಿರುವವರೆಗೂ ಬೆಳೆಯುತ್ತವೆ ಎನ್ನುವುದು ನಿಜವೇ. ಆದರೆ ಬೆಳವಣಿಗೆಯ ಬಹುಪಾಲು ಮೊದಲ ಮೂರ್ನಾಲ್ಕು ವರ್ಷಗಳಲ್ಲೇ ಮುಗಿಯುತ್ತದೆ. ಬೆದೆಗೆ ಬಂದ ಮೇಲೆ ತಿಂದದ್ದರ ಪಾಲು ಮೊಟ್ಟೆಗೂ ಕೊಬ್ಬಿಗೂ ಹಂಚಿಹೋಗಿ ಉದ್ದದ ಏರಿಕೆ ನಿಧಾನವಾಗುತ್ತದೆ. ಗಂಡು ಬರ್ಮಾ ಹೆಬ್ಬಾವು ಎರಡು ವರ್ಷದ ಹೊತ್ತಿಗೆ, ಹೆಣ್ಣು ಮೂರರಿಂದ ನಾಲ್ಕು ವರ್ಷಕ್ಕೆ ಪ್ರೌಢವಾಗುತ್ತದೆ. ಇಲ್ಲಿ ಹೆಣ್ಣೇ ದೊಡ್ಡದು: ಗಂಡು ಮೂರು, ಮೂರೂವರೆ ಮೀಟರಿಗೆ ನಿಂತರೆ ಹೆಣ್ಣು ನಾಲ್ಕು, ಐದು ಮೀಟರಿಗೆ ಹೋಗುತ್ತದೆ. ಮೈ ದೊಡ್ಡದಾದಷ್ಟೂ ಹೆಚ್ಚು ಮೊಟ್ಟೆ; ಫ್ಲಾರಿಡಾದಲ್ಲಿ ಹಿಡಿದ, 98 ಕಿಲೋ ತೂಗುತ್ತಿದ್ದ ಒಂದು ಹೆಣ್ಣಿನ ಒಡಲಲ್ಲಿ ಬಲಿಯುತ್ತಿದ್ದ 122 ಮೊಟ್ಟೆಗಳಿದ್ದವು. ದಾಖಲೆಯ ಹಾವುಗಳಾದ ಬೇಬಿ, ಮೆಡೂಸಾ ಎರಡೂ ಹೆಣ್ಣಾಗಿರುವುದು ಕಾಕತಾಳೀಯವಲ್ಲ.

ವಂಶದ ಕಟ್ಟುಪಾಡೂ ಇದೆ. ಇಂಡೊನೇಷ್ಯದ ಸುಲವೇಸಿ ದ್ವೀಪದ ಬರ್ಮಾ ಹೆಬ್ಬಾವುಗಳು ಎರಡೂವರೆ ಮೀಟರಿನ ಒಳಗೇ ಉಳಿಯುವ ಕುಳ್ಳ ಜಾತಿ. ಅಲ್ಲೇ ತೆಂಕಣಕ್ಕಿರುವ ಸೆಲಯಾರ್, ತಾನಾಜಂಪಿಯ ದ್ವೀಪಗಳ ಜಾಲರಿ ಹೆಬ್ಬಾವುಗಳೂ ಹೀಗೆಯೇ; 2002ರಲ್ಲಿ ಅವನ್ನು ಪ್ರತ್ಯೇಕ ಉಪಪ್ರಭೇದಗಳೆಂದು ಹೆಸರಿಸಲಾಯಿತು. ದೊಡ್ಡ ಹಾವಿನ ಚೆಲುವು ಬೇಕು, ಗಾತ್ರ ಬೇಡ ಎನ್ನುವವರು ಈ ದ್ವೀಪದ ಹಾವುಗಳನ್ನು ಇತರ ತಳಿಗಳೊಂದಿಗೆ ಬೆರೆಸಿ ಮರಿ ಮಾಡಿಸುತ್ತಾರೆ.

ಚಿಕ್ಕಂದಿನ ಊಟದ ಗುರುತು ಮಾತ್ರ ಜೀವಮಾನವಿಡೀ ಉಳಿಯುತ್ತದೆ. ಉತ್ತರ ಆಸ್ಟ್ರೇಲಿಯದ ಫಾಗ್ ಡ್ಯಾಮ್ ಬಳಿ ನೀರು ಹೆಬ್ಬಾವುಗಳನ್ನು ವರ್ಷಗಟ್ಟಲೆ ಹಿಡಿದು, ಗುರುತು ಮಾಡಿ ಬಿಟ್ಟ ಥಾಮಸ್ ಮ್ಯಾಡ್ಸೆನ್ ಮತ್ತು ರಿಕ್ ಶೈನ್, ಇಲಿಗಳು ಹೇರಳವಾಗಿದ್ದ ವರ್ಷ ಹುಟ್ಟಿದ ಮರಿಗಳು ಬರಗಾಲದ ವರ್ಷದ ಮರಿಗಳಿಗಿಂತ ಮುಂದೆಯೂ ವೇಗವಾಗಿ ಬೆಳೆಯುವುದನ್ನು 2000ದಲ್ಲಿ ಪ್ರಕಟಿಸಿದರು. ಮೊದಲ ವರ್ಷ ಹೊಟ್ಟೆಗಿಲ್ಲದೆ ಬಡಕಲಾದದ್ದಕ್ಕೆ ಆಮೇಲೆ ಸುರಿದರೂ ಆ ಅಂತರ ಪೂರ್ತಿ ತುಂಬುವುದಿಲ್ಲ.

ಉಂಡ ಮೇಲೆ ಒಡಲೊಳಗೆ

ಹೆಬ್ಬಾವು ಆಡು ನುಂಗಿದ ಮೇಲೆ ಮರಕ್ಕೆ ಸುತ್ತಿಕೊಂಡು ಅದರ ಎಲುಬನ್ನು ಮುರಿಯುತ್ತದೆ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿದೆ. ಹಾಗೆ ಮುರಿಯುವ ಅಗತ್ಯವೇ ಅದಕ್ಕಿಲ್ಲ. ಉಣ್ಣದೆ ಕೆಲವು ವಾರ ಕಳೆದ ಹೆಬ್ಬಾವಿನ ಜಠರದಲ್ಲಿ ಆಮ್ಲ ಸ್ರವಿಸುವುದೇ ನಿಂತಿರುತ್ತದೆ. ಜಠರರಸದ ಪಿಎಚ್ ನೀರಿನಂತೆ 7ರ ಹತ್ತಿರವಿರುತ್ತದೆ. ಬೇಟೆ ಒಳಗಿಳಿದ ಒಂದೆರಡು ದಿನದೊಳಗೆ ಅದು 2ಕ್ಕೂ ಕೆಳಗೆ ಕುಸಿದು, ಮಾಂಸವನ್ನೂ ಮೂಳೆಯನ್ನೂ ಕರಗಿಸುವಷ್ಟು ಹುಳಿಯಾಗುತ್ತದೆ. ಕೂದಲು, ಗರಿ, ಉಗುರುಗಳಷ್ಟೇ ಮಲದಲ್ಲಿ ಹೊರಬರುತ್ತವೆ.

ಇಲ್ಲಿ ನಡೆಯುವ ಬದಲಾವಣೆ ಎಷ್ಟು ದೊಡ್ಡದೆಂಬುದನ್ನು ತೋರಿಸಿಕೊಟ್ಟವರು ಅಮೆರಿಕದ ಶರೀರವಿಜ್ಞಾನಿಗಳಾದ ಸ್ಟೀಫನ್ ಸೀಕರ್ ಮತ್ತು ಜೇರೆಡ್ ಡೈಮಂಡ್. 1990ರ ದಶಕದಲ್ಲಿ ಅವರು ಪ್ರಯೋಗಕ್ಕೆ ಆರಿಸಿಕೊಂಡದ್ದು ಗೂಡಿನಲ್ಲಿ ಬೆಳೆದ ಬರ್ಮಾ ಹೆಬ್ಬಾವುಗಳನ್ನೇ. ತನ್ನ ತೂಕದ ಕಾಲು ಭಾಗದಷ್ಟು ಇಲಿ ನುಂಗಿದ ಹಾವಿನ ಸಣ್ಣ ಕರುಳಿನ ತೂಕ ಒಂದೆರಡು ದಿನಗಳಲ್ಲಿ ಇಮ್ಮಡಿಯಾಗುತ್ತದೆ. ಕರುಳ ಗೋಡೆಯ ಕೋಶಗಳ ಮೇಲಿರುವ ಅತಿಸೂಕ್ಷ್ಮ ಎಳೆಗಳು ನಾಲ್ಕೈದು ಪಟ್ಟು ಉದ್ದವಾಗುತ್ತವೆ. ಯಕೃತ್ತು, ಮೂತ್ರಪಿಂಡಗಳೂ ಹಿಗ್ಗುತ್ತವೆ. ಚಯಾಪಚಯದ ದರ ಹಲವು ಪಟ್ಟು ಏರುತ್ತದೆ. ತನ್ನಷ್ಟೇ ತೂಕದ ಬೇಟೆಯನ್ನು ನುಂಗಿದ ಹಾವಿನಲ್ಲಿ ಈ ಏರಿಕೆ 44 ಪಟ್ಟಿನವರೆಗೂ ಮುಟ್ಟಿತ್ತು. ಓಡುವ ಕುದುರೆಯ ದೇಹದಲ್ಲಿ ಕಾಣುವಂಥ ಏರಿಕೆಯನ್ನು ಈ ಹಾವು ಅಲುಗಾಡದೆ ಬಿದ್ದುಕೊಂಡೇ, ಅದೂ ದಿನಗಟ್ಟಲೆ ತಾಳಿಕೊಳ್ಳುತ್ತದೆ. ಒಂದು ವಾರ, ಹತ್ತು ದಿನದಲ್ಲಿ ಜೀರ್ಣ ಮುಗಿಯುತ್ತಿದ್ದಂತೆ ಹಿಗ್ಗಿದ ಅಂಗಗಳೆಲ್ಲ ಮತ್ತೆ ಕುಗ್ಗಿ ಮೊದಲಿನಂತಾಗುತ್ತವೆ.

ಹೃದಯವೂ ಇದಕ್ಕೆ ಹೊರತಲ್ಲ. ಉಂಡ ಎರಡು ದಿನಗಳಲ್ಲಿ ಹೃತ್ಕುಕ್ಷಿಯ ತೂಕ ಶೇ. 40ರಷ್ಟು ಹೆಚ್ಚಾಗುವುದನ್ನು 2005ರಲ್ಲಿ ವರದಿ ಮಾಡಲಾಯಿತು. ಈ ಹಿಗ್ಗುವಿಕೆಗೆ ರಕ್ತದಲ್ಲಿ ಸೇರುವ ಮೂರು ಕೊಬ್ಬಿನಾಮ್ಲಗಳ ಮಿಶ್ರಣ ಕಾರಣವೆಂದು ಕೊಲರಾಡೊದ ಲೆಸ್ಲಿ ಲೈನ್‌ವಾಂಡ್ ಅವರ ತಂಡ 2011ರಲ್ಲಿ ಕಂಡುಕೊಂಡಿತು. ಅದೇ ಮಿಶ್ರಣವನ್ನು ಇಲಿಗಳಿಗೆ ಚುಚ್ಚಿದಾಗ ಅವುಗಳ ಹೃದಯಸ್ನಾಯುವೂ ಆರೋಗ್ಯಕರವಾಗಿ ಬೆಳೆಯಿತು. ಮನುಷ್ಯರ ಹೃದ್ರೋಗಕ್ಕೆ ಇದರಿಂದ ದಾರಿ ಸಿಕ್ಕೀತೇ ಎಂಬ ಹುಡುಕಾಟ ಅಲ್ಲಿಂದ ಮೊದಲಾಯಿತು. ಬರ್ಮಾ ಹೆಬ್ಬಾವಿನ ಪೂರ್ಣ ಜೀನೋಮ್ 2013ರಲ್ಲಿ ಪ್ರಕಟವಾದದ್ದಕ್ಕೂ ಈ ಕುತೂಹಲವೇ ಹಿನ್ನೆಲೆ.

ಸಾಕುವವರಿಗೆ ಇದರಿಂದ ತಿಳಿಯಬೇಕಾದದ್ದು ಬೇರೆ. ಜೀರ್ಣಿಸುವ ಕೆಲಸಕ್ಕೇ ಬೇಟೆಯ ಶಕ್ತಿಯ ದೊಡ್ಡ ಪಾಲು, ಸುಮಾರು ಮೂರರಲ್ಲೊಂದು ಭಾಗ, ಖರ್ಚಾಗುತ್ತದೆ. ಅಂಗಗಳನ್ನು ಹಿಗ್ಗಿಸಿ, ದುಡಿಸಿ, ಮತ್ತೆ ಕುಗ್ಗಿಸಿ ವಿಶ್ರಾಂತಿಗೆ ಬಿಡುವುದು ಈ ದೇಹದ ಸಹಜ ಲಯ. ಹಿಂದಿನ ಊಟ ಅರಗುವ ಮೊದಲೇ ಮುಂದಿನದನ್ನು ಕೊಟ್ಟರೆ ಆ ಬಿಡುವು ಇಲ್ಲವಾಗುತ್ತದೆ.

ಏನನ್ನು, ಎಷ್ಟನ್ನು

ಹೆಬ್ಬಾವು ಬೇಟೆಯನ್ನು ಇಡಿಯಾಗಿ ನುಂಗುವ ಪ್ರಾಣಿ. ಕೆಳದವಡೆಯ ಎರಡು ಮೂಳೆಗಳು ಗದ್ದದ ಬಳಿ ಬೆಸೆದುಕೊಂಡಿರುವುದಿಲ್ಲ; ನಡುವಿನ ಹಿಗ್ಗುವ ತೊಗಲಿನಿಂದಾಗಿ ಅವು ಒಂದರಿಂದೊಂದು ಬಹುದೂರ ಸರಿಯಬಲ್ಲವು. ಇಡೀ ಪ್ರಾಣಿಯೇ ಹೊಟ್ಟೆಗೆ ಹೋಗುವುದರಿಂದ ಮೂಳೆಯ ಸುಣ್ಣ, ಯಕೃತ್ತಿನ ಎ ಜೀವಸತ್ವ, ಮಾಂಸದ ಸಸಾರಜನಕ ಎಲ್ಲವೂ ಒಟ್ಟಿಗೆ ದೊರೆಯುತ್ತವೆ. ಅಂಗಡಿಯಿಂದ ಕತ್ತರಿಸಿ ತಂದ ಕೋಳಿ ಮಾಂಸ ಅಥವಾ ಬರಿಯ ಮಾಂಸದ ತುಂಡು ಕೊಟ್ಟರೆ ಸುಣ್ಣದ ಕೊರತೆ ಖಂಡಿತ. ಇಡೀ ಬೇಟೆ ಸಿಗುವ ಆರೋಗ್ಯವಂತ ಹಾವಿಗೆ ಜೀವಸತ್ವದ ಪುಡಿ, ದ್ರಾವಣಗಳ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ.

ಹೊಸ ಮರಿಗೆ ಕೂದಲು ಮೂಡಿದ ಚಿಟ್ಟಿಲಿ ಅಥವಾ ಎಳೆಯ ಇಲಿಮರಿಯಿಂದ ಆರಂಭ. ಅಲ್ಲಿಂದ ದೊಡ್ಡ ಇಲಿ, ಗಿನಿಪಿಗ್, ಕೋಳಿ, ಮೊಲ. ದೈತ್ಯ ಹಾವುಗಳಿಗೆ ಹಂದಿಮರಿ, ಆಡಿನ ಮರಿಗಳನ್ನು ಕೊಡುವವರೂ ಇದ್ದಾರೆ. ಬೇಟೆಯ ಸುತ್ತಳತೆ ಹಾವಿನ ಮೈಯ ಅತಿ ದಪ್ಪ ಭಾಗದಷ್ಟಿರಬೇಕು, ಹೆಚ್ಚೆಂದರೆ ಅದಕ್ಕಿಂತ ತುಸು ಮಿಗಿಲು ಎಂಬುದು ಸಾಕುವವರು ನೆಚ್ಚಿಕೊಂಡ ಅಳತೆಗೋಲು. ಕಾಡಿನ ರೂಢಿಯೂ ಇದಕ್ಕೆ ಹೊಂದುತ್ತದೆ: ಸುಮಾತ್ರದಲ್ಲಿ ಚರ್ಮಕ್ಕಾಗಿ ಕೊಂದ ಸಾವಿರಕ್ಕೂ ಹೆಚ್ಚು ಜಾಲರಿ ಹೆಬ್ಬಾವುಗಳ ಹೊಟ್ಟೆ ಬಗೆದು ನೋಡಿದ ಶೈನ್ ಮತ್ತು ಸಂಗಡಿಗರಿಗೆ ಮೂರು ಮೀಟರಿನೊಳಗಿನ ಹಾವುಗಳಲ್ಲಿ ಹೆಚ್ಚಾಗಿ ಇಲಿಗಳೂ ಅದಕ್ಕಿಂತ ದೊಡ್ಡವುಗಳಲ್ಲಿ ಚಿಪ್ಪುಹಂದಿ, ಮುಳ್ಳುಹಂದಿ, ಕೋತಿ, ಕಾಡುಹಂದಿಗಳೂ ಸಿಕ್ಕಿದ್ದವು.

ಎಷ್ಟು ದಿನಕ್ಕೊಮ್ಮೆ ಎಂಬಲ್ಲಿ ಎಲ್ಲ ಹಾವಿಗೂ ಹೊಂದುವ ಒಂದೇ ಪಟ್ಟಿಯಿಲ್ಲ. ಮರಿಗಳಿಗೆ ವಾರಕ್ಕೊಮ್ಮೆ, ಅವುಗಳ ತೂಕದ ಶೇ. 10ರಿಂದ 15ರಷ್ಟು, ಎರಡನೆಯ ವರ್ಷದಲ್ಲಿ ಹತ್ತು, ಹದಿನೈದು ದಿನಕ್ಕೊಮ್ಮೆ, ಬೆಳೆದ ಹಾವಿಗೆ ಮೂರರಿಂದ ನಾಲ್ಕು ವಾರಕ್ಕೊಮ್ಮೆ ಎಂಬುದು ಈಗ ಬಹುಮಟ್ಟಿಗೆ ಒಪ್ಪಿತವಾದ ಕ್ರಮ. ನಾಲ್ಕು ಮೀಟರಿನ ಬರ್ಮಾ ಹೆಬ್ಬಾವಿಗೆ ತಿಂಗಳಿಗೆ ಎರಡು, ಮೂರು ಕಿಲೋದ ಒಂದು ಮೊಲ ಸಾಕು. ಹೊಸಬರಿಗೆ ಇದು ಜಿಪುಣತನವಾಗಿ ತೋರುತ್ತದೆ. ಎದುರಿಗೆ ಸುಳಿದಾಗಲೆಲ್ಲ ಹಾವು ತಲೆಯೆತ್ತಿ ನಾಲಗೆ ಚಾಚುವುದನ್ನು ಕಂಡು, ಪಾಪ ಹಸಿದಿದೆ ಎಂದುಕೊಳ್ಳುತ್ತಾರೆ. ಆದರೆ ಬೇಟೆ ಕಂಡಲ್ಲಿ ಬಾಯಿ ಹಾಕುವುದು ಹೆಬ್ಬಾವಿನ ಜಾಯಮಾನ. ಮುಂದಿನ ಬೇಟೆ ಯಾವಾಗಲೋ ಎಂಬ ಲೆಕ್ಕದ ಮೇಲೆ ಬಾಳುವ ಪ್ರಾಣಿ ಅದು. ಅದರ ಹಸಿವನ್ನು ನಂಬಿ ಉಣಿಸಹೊರಟರೆ ಕೊನೆಯೆಂಬುದಿಲ್ಲ.

ಹಾವಿನ ಮೈಕಟ್ಟು ಹಸಿವಿಗಿಂತ ನಂಬಿಕೆಯ ಸಾಕ್ಷಿ. ಬೆನ್ನುಮೂಳೆ ಏಣಿನಂತೆ ಎದ್ದು ಕಂಡರೆ ಸೊರಗಿದೆ. ಬಾಲದ ಬುಡದ ಹಿಂದೆ ಕೊಬ್ಬಿನ ಗಂಟು, ಮೈ ಬಾಗಿದಲ್ಲಿ ಮಡಿಕೆ, ಹುರುಪೆಗಳ ನಡುವಿನ ತೊಗಲು ಸದಾ ಬಿಚ್ಚಿಕೊಂಡಂತೆ ಕಾಣುವುದು ಬೊಜ್ಜಿನ ಗುರುತುಗಳು.

ಉಣಿಸುವ ಬಗೆ

ಬೇಟೆಯನ್ನು ಜೀವಂತವಾಗಿ ಕೊಡುವುದು ಹಿಂದಿನ ರೂಢಿ. ಈಗ ಯುರೋಪ್, ಅಮೆರಿಕಗಳಲ್ಲಿ ಕೊಂದು ಶೈತ್ಯೀಕರಿಸಿದ ಇಲಿ, ಮೊಲಗಳೇ ಹೆಚ್ಚು ಬಳಕೆಯಲ್ಲಿವೆ. ದಯೆಯ ಪ್ರಶ್ನೆ ಒಂದು ಕಡೆಯಾದರೆ ಹಾವಿನ ರಕ್ಷಣೆ ಇನ್ನೊಂದು ಕಡೆ. ಉಣ್ಣಲು ಮನಸ್ಸಿಲ್ಲದ ಹಾವಿನ ಗೂಡಿನಲ್ಲಿ ರಾತ್ರಿಯಿಡೀ ಬಿಟ್ಟ ಇಲಿ ಹಾವಿನ ಬೆನ್ನನ್ನೇ ಮೂಳೆ ಕಾಣುವಂತೆ ಕಡಿದು ತಿಂದ ಉದಾಹರಣೆಗಳನ್ನು ಪಶುವೈದ್ಯರು ಬೇಕಾದಷ್ಟು ಕಂಡಿದ್ದಾರೆ. ಹೆಪ್ಪುಗಟ್ಟಿದ ಬೇಟೆಯನ್ನು ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ರಾತ್ರಿಯಿಟ್ಟು ಕರಗಿಸಿ, ಬಿಸಿನೀರಿನಲ್ಲಿ ಮೈ ಬೆಚ್ಚಗಾಗುವಂತೆ ಮಾಡಿ, ಉದ್ದದ ಇಕ್ಕಳದಲ್ಲಿ ಹಿಡಿದು ಕೊಡುತ್ತಾರೆ. ಬೆಚ್ಚಗಿರಬೇಕಾದದ್ದೇಕೆಂದರೆ ಹೆಬ್ಬಾವಿನ ತುಟಿಯ ಹುರುಪೆಗಳಲ್ಲಿ ಶಾಖವನ್ನು ಗ್ರಹಿಸುವ ಗುಳಿಗಳಿವೆ. ತಣ್ಣಗಿನ ಇಲಿ ಅದರ ಪಾಲಿಗೆ ಬೇಟೆಯೇ ಅಲ್ಲ. ಮೈಕ್ರೋವೇವ್ ಒಲೆಯಲ್ಲಿಟ್ಟರೆ ಒಳಗೆ ಬೆಂದು, ಹೊಟ್ಟೆ ಒಡೆಯುತ್ತದೆ.

ಪೊರೆ ಬಿಡುವ ಮುನ್ನ ಕಣ್ಣು ಮಂಜಾದ ದಿನಗಳಲ್ಲಿ ಊಟ ಬೇಡ. ಕೊಟ್ಟರೂ ಬಹುಪಾಲು ಹಾವುಗಳು ಮುಟ್ಟುವುದಿಲ್ಲ. ನುಂಗಿದ ಮೇಲೆ ಕನಿಷ್ಠ ಎರಡು ದಿನ ಅದನ್ನು ಎತ್ತಿ ಆಡಿಸಬಾರದು. ಬೆದರಿದ ಹಾವು ನುಂಗಿದ್ದನ್ನು ಕಕ್ಕಿಬಿಡುತ್ತದೆ. ಕರ್ನಾಟಕದ ಹಳ್ಳಿಗಳಲ್ಲಿ ಆಡು, ನಾಯಿ ನುಂಗಿದ ಹೆಬ್ಬಾವಿನ ಸುತ್ತ ಜನ ನೆರೆದಾಗ ನಡೆಯುವುದೂ ಇದೇ. ಹೊಟ್ಟೆಯಲ್ಲಿ ಭಾರವಿದ್ದರೆ ತಪ್ಪಿಸಿಕೊಳ್ಳಲಾಗದು, ಆದ್ದರಿಂದ ಅದು ಬೇಟೆಯನ್ನು ಬಿಟ್ಟುಕೊಡುತ್ತದೆ. ಕಕ್ಕಿದ ಹಾವಿನ ಅನ್ನನಾಳ ಜಠರಾಮ್ಲದಿಂದ ಸುಟ್ಟಿರುವುದರಿಂದ ಎರಡು ವಾರ ಸುಮ್ಮನೆ ಬಿಟ್ಟು, ಆಮೇಲೆ ಚಿಕ್ಕ ಬೇಟೆಯಿಂದ ಶುರುಮಾಡಬೇಕು. ಕುಡಿಯುವ ನೀರು ಗೂಡಿನಲ್ಲಿ ಯಾವಾಗಲೂ ಇರಬೇಕು.

ಶಾಖವಿಲ್ಲದೆ ಜೀರ್ಣವಿಲ್ಲ. ಗೂಡಿನ ಒಂದು ತುದಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 25ರಿಂದ 27 ಡಿಗ್ರಿ ಇದ್ದರೆ ಹಾವು ತನಗೆ ಬೇಕಾದ ಜಾಗಕ್ಕೆ ತಾನೇ ಸರಿದುಕೊಳ್ಳುತ್ತದೆ. ತಣ್ಣಗಿನ ಗೂಡಿನಲ್ಲಿ ನುಂಗಿದ ಮೊಲ ಅರಗುವ ಮೊದಲೇ ಕೊಳೆಯತೊಡಗುತ್ತದೆ. ಹಾವು ಅದನ್ನು ಕಕ್ಕದಿದ್ದರೆ ಸಾಯುತ್ತದೆ. ಉಸಿರಾಟದ ಸೋಂಕಿಗೂ ಚಳಿ ಮುಖ್ಯ ಕಾರಣ. ಶಾಖ ಕೊಡುವ ಉಪಕರಣಕ್ಕೆ ಥರ್ಮೋಸ್ಟಾಟ್ ಇರಲೇಬೇಕು, ಏಕೆಂದರೆ ಹೊಟ್ಟೆಯಡಿಯ ಸುಡುವ ಬಿಸಿಯಿಂದ ಸಮಯಕ್ಕೆ ಸರಿದುಕೊಳ್ಳಲು ಹಾವಿಗೆ ತಿಳಿಯದೆ ಮೈ ಬೊಬ್ಬೆ ಬರುವುದುಂಟು.

ಉಪವಾಸ

ಹೆಬ್ಬಾವು ಉಣ್ಣದಿದ್ದರೆ ಗಾಬರಿಯಾಗುವುದು ಸಾಕುವವರಿಗೆ ಮಾತ್ರ. ಚಳಿಗಾಲದಲ್ಲಿ, ಬೆದೆಯ ಕಾಲದಲ್ಲಿ ಗಂಡುಗಳು ತಿಂಗಳುಗಟ್ಟಲೆ ಬೇಟೆಯನ್ನು ಕಣ್ಣೆತ್ತಿ ನೋಡುವುದಿಲ್ಲ. ಮೊಟ್ಟೆಗಳನ್ನು ಸುತ್ತುವರಿದು ಕುಳಿತ ತಾಯಿಯೂ ಕಾವು ಮುಗಿಯುವವರೆಗೆ ಉಣ್ಣುವುದಿಲ್ಲ. ಬರ್ಮಾ ಮತ್ತು ಭಾರತೀಯ ಹೆಬ್ಬಾವುಗಳ ತಾಯಿ ಆ ಎರಡು ತಿಂಗಳು ಸ್ನಾಯುಗಳನ್ನು ಅದುರಿಸಿ ಮೈಯಲ್ಲಿ ಶಾಖ ಹುಟ್ಟಿಸುತ್ತದೆ. ಪ್ಯಾರಿಸ್ಸಿನ ಮೃಗಾಲಯದಲ್ಲಿ ಕಾವು ಕೂತ ಹೆಬ್ಬಾವಿನ ಮೈ ಸುತ್ತಲಿನ ಗಾಳಿಗಿಂತ ಬೆಚ್ಚಗಿರುವುದನ್ನು ಪ್ರಾಣಿಶಾಸ್ತ್ರಜ್ಞ ವಲೆನ್ಸಿಯೆನ್ 1841ರಲ್ಲೇ ಅಳೆದಿದ್ದ. ಹಾವು ಶೀತರಕ್ತದ ಪ್ರಾಣಿಯೆಂದು ಗಟ್ಟಿಯಾಗಿ ನಂಬಿದ್ದ ಅಂದಿನ ಪಂಡಿತರಿಗೆ ಅದು ರುಚಿಸಲಿಲ್ಲ. ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಹೆಣ್ಣೊಂದರ ಮೇಲೆ ನಡೆದ ಅಧ್ಯಯನ 1966ರಲ್ಲಿ ಪ್ರಕಟವಾದ ಮೇಲೆ ವಿವಾದ ಮುಗಿಯಿತು. ಉಪವಾಸದ ಜೊತೆಗೆ ಈ ದುಡಿಮೆಯೂ ಸೇರಿ ತಾಯಿ ಬಹಳ ಸೊರಗುತ್ತದೆ. ಮರಿಯಾದ ಮೇಲೆ ಅದನ್ನು ತುಸು ಧಾರಾಳವಾಗಿ ಉಣಿಸಿ ಮೈ ತುಂಬಿಸಬೇಕು.

ತೂಕ ಇಳಿಯದ ಉಪವಾಸಕ್ಕೆ ಚಿಕಿತ್ಸೆ ಬೇಡ. ತೂಕ ಇಳಿಯುತ್ತಿದ್ದರೆ ಗೂಡಿನ ಶಾಖ, ಬಾಯಿಯ ಹುಣ್ಣು, ಮೈಮೇಲಿನ ಉಣ್ಣಿ, ಕರುಳಿನ ಹುಳು ಎಂದು ಒಂದೊಂದನ್ನೇ ನೋಡಬೇಕಾಗುತ್ತದೆ. ಕೆಲವು ವೈರಸ್ ರೋಗಗಳಲ್ಲಿಯೂ ಹಾವು ಉಂಡದ್ದನ್ನು ಕಕ್ಕಿ, ಬಡಕಲಾಗಿ, ಕೊನೆಗೆ ತಲೆಯ ಹಿಡಿತ ತಪ್ಪಿ ಸಾಯುತ್ತದೆ. ಬಾಯಿಗೆ ಬಲವಂತವಾಗಿ ತುರುಕುವುದು ಕೊನೆಯ ಉಪಾಯ. ಅದನ್ನು ಪಶುವೈದ್ಯರೇ ಮಾಡಬೇಕು.

ಅತಿಯಾಗಿ ಉಣಿಸುವುದು

ಬೇಗ ದೊಡ್ಡದಾಗಲೆಂದು ಮರಿಗಳಿಗೆ ಮೂರ್ನಾಲ್ಕು ದಿನಕ್ಕೊಮ್ಮೆ ಸುರಿಯುವುದನ್ನು ಹವ್ಯಾಸಿಗಳು ಪವರ್ ಫೀಡಿಂಗ್ ಎನ್ನುತ್ತಾರೆ. ಕಾರಣ ಹೆಚ್ಚಿನ ಸಲ ವ್ಯಾಪಾರದ್ದು: ಹೆಣ್ಣು ಒಂದು ವರ್ಷ ಮೊದಲೇ ಮೊಟ್ಟೆಗೆ ಬಂದರೆ ಒಂದು ವರ್ಷದ ಲಾಭ. ದಾಖಲೆಯ ಹಂಬಲವೂ ಅಲ್ಲಲ್ಲಿ ಇದೆ. ಹೀಗೆ ಬೆಳೆದ ಹಾವಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ, ಹೃದಯ ಬಳಲುತ್ತದೆ, ಮೊಟ್ಟೆ ಒಳಗೇ ಸಿಕ್ಕಿಕೊಂಡು ತಾಯಿ ಸಾಯುವ ಅಪಾಯ ಹೆಚ್ಚುತ್ತದೆ. ಹದವಾಗಿ ಉಣಿಸಿದ ಬರ್ಮಾ ಹೆಬ್ಬಾವು ಇಪ್ಪತ್ತು ವರ್ಷ ಮೀರಿ ಬದುಕಬಲ್ಲದು. ಇದರ ವಿರುದ್ಧದ ತಪ್ಪೂ ಇದೆ: ಗೂಡು ಚಿಕ್ಕದು, ಹಾವೂ ಚಿಕ್ಕದಾಗಿಯೇ ಇರಲಿ ಎಂದು ಹಸಿವಿನಲ್ಲಿಡುವುದು. ಗೂಡಿನ ಅಳತೆಗೆ ಹಾವು ಬೆಳೆಯುತ್ತದೆ ಎಂಬ ಮಾತು ಬರಿಯ ಸುಳ್ಳು.

ಫಾರಂಗಳ ಲೆಕ್ಕ

ಉಣಿಸುವಿಕೆಗೂ ಬೆಳವಣಿಗೆಗೂ ಇರುವ ನಂಟಿನ ಬಗ್ಗೆ ದೊಡ್ಡ ಪ್ರಮಾಣದ ಅಂಕಿಗಳು ಬಂದದ್ದು ಹವ್ಯಾಸಿಗಳಿಂದಲ್ಲ, ಥಾಯ್ಲೆಂಡ್ ಮತ್ತು ವಿಯೆಟ್ನಾಮಿನ ಫಾರಂಗಳಿಂದ. ಡೇನಿಯಲ್ ನಟುಶ್ ಮತ್ತು ಸಂಗಡಿಗರು ಅಲ್ಲಿನ 4,601 ಜಾಲರಿ ಮತ್ತು ಬರ್ಮಾ ಹೆಬ್ಬಾವುಗಳನ್ನು ಅಧ್ಯಯನ ಮಾಡಿ 2024ರಲ್ಲಿ ಪ್ರಕಟಿಸಿದರು. ಹಾವುಗಳಿಗೆ ಇಲಿಗಳ ಜೊತೆಗೆ ಇತರ ಉದ್ಯಮಗಳಲ್ಲಿ ಮಿಕ್ಕ ಮಾಂಸ ಮತ್ತು ಮೀನಿನ ಪುಡಿಯಿಂದ ಮಾಡಿದ ಆಹಾರವನ್ನೂ ಕೊಡಲಾಗಿತ್ತು. ಚೆನ್ನಾಗಿ ಬೆಳೆದವು ದಿನಕ್ಕೆ 40 ಗ್ರಾಮಿಗೂ ಮಿಕ್ಕಿ ತೂಕ ಕೂಡಿಸಿಕೊಂಡವು. ಹೆಣ್ಣುಗಳು ಗಂಡುಗಳಿಗಿಂತ ಮುಂದಿದ್ದವು. ಹುಟ್ಟಿದ ಮೊದಲ ಎರಡು ತಿಂಗಳ ಬೆಳವಣಿಗೆ ನೋಡಿದರೆ ಮುಂದಿನದನ್ನು ಊಹಿಸಬಹುದಾಗಿತ್ತು. ಫಾಗ್ ಡ್ಯಾಮಿನ ಹಾವುಗಳು ಹೇಳಿದ್ದೂ ಇದನ್ನೇ. ಒಂದು ಕಿಲೋ ಮಾಂಸಕ್ಕೆ ಸುಮಾರು ನಾಲ್ಕು ಕಿಲೋ ಆಹಾರ ಸಾಕಾಯಿತು. ಬರ್ಮಾ ಹೆಬ್ಬಾವುಗಳಲ್ಲಿ ಶೇ. 61ರಷ್ಟು 20ರಿಂದ 127 ದಿನಗಳವರೆಗೆ ಉಪವಾಸವಿದ್ದವು, ಆದರೂ ಅವುಗಳ ತೂಕ ಇಳಿದದ್ದು ನಗಣ್ಯ.

ಅಪಾಯ ಮತ್ತು ಕಾನೂನು

ಸಾಕು ಹೆಬ್ಬಾವಿನ ಅವಘಡಗಳು ಹೆಚ್ಚಾಗಿ ಊಟದ ಹೊತ್ತಿಗೆ ಅಥವಾ ಗೂಡಿನಿಂದ ತಪ್ಪಿಸಿಕೊಂಡಾಗ ನಡೆದಿವೆ. ಇಲಿಯ ವಾಸನೆ ಹತ್ತಿದ ಕೈ ಹಾವಿಗೆ ಇಲಿಯೇ. ಗೂಡು ತೆರೆದಾಗಲೆಲ್ಲ ಊಟವೇ ಬರುವುದಾದರೆ ಹಾವು ಬಾಗಿಲಿಗೇ ಕಾದು ಕೂರುವುದನ್ನು ಕಲಿಯುತ್ತದೆ. ಅದಕ್ಕೆಂದು ಊಟವಿಲ್ಲದ ದಿನ ಕೊಕ್ಕೆಯಿಂದ ಮೆಲ್ಲನೆ ಮೈ ಮುಟ್ಟಿ ಎಚ್ಚರಿಸುವ ಅಭ್ಯಾಸ ಮಾಡಿಸುತ್ತಾರೆ. ಎರಡೂವರೆ ಮೀಟರ್ ದಾಟಿದ ಹಾವಿನ ಬಳಿಗೆ ಒಬ್ಬರೇ ಹೋಗುವುದು ಸಲ್ಲದು. 2009ರ ಜುಲೈ 1ರಂದು ಫ್ಲಾರಿಡಾದಲ್ಲಿ ಎರಡು ವರ್ಷದ ಮಗುವನ್ನು ಕೊಂದ ಬರ್ಮಾ ಹೆಬ್ಬಾವಿನ ಉದ್ದ ಎರಡೂವರೆ ಮೀಟರಿನಷ್ಟೇ. ಅದು ತೀರ ಸೊರಗಿತ್ತು, ಗೂಡಿಗೆ ಭದ್ರವಾದ ಮುಚ್ಚಳವೂ ಇರಲಿಲ್ಲ. 2013ರಲ್ಲಿ ಕೆನಡಾದ ಕ್ಯಾಂಬೆಲ್‌ಟನ್‌ನಲ್ಲಿ ಗೂಡಿನಿಂದ ತಪ್ಪಿಸಿಕೊಂಡ ಆಫ್ರಿಕದ ಹೆಬ್ಬಾವು ಮಲಗಿದ್ದ ಇಬ್ಬರು ಹುಡುಗರನ್ನು ಕೊಂದಿತು.

ಸಾಕಲಾರದೆ ಬಿಟ್ಟ, ತಪ್ಪಿಸಿಕೊಂಡ ಬರ್ಮಾ ಹೆಬ್ಬಾವುಗಳು ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ನೆಲೆಯೂರಿ, 2000ದ ಹೊತ್ತಿಗೆ ಅಲ್ಲಿ ಮರಿ ಮಾಡುತ್ತಿರುವುದು ದೃಢಪಟ್ಟಿತು. ಹಾವುಗಳು ಹೆಚ್ಚು ಕಾಲ ನೆಲೆಸಿದ್ದ ಭಾಗಗಳಲ್ಲಿ ರಸ್ತೆ ಸಮೀಕ್ಷೆಗೆ ಸಿಗುವ ರಕೂನುಗಳು ಶೇ. 99ರಷ್ಟು ಕಡಿಮೆಯಾಗಿವೆಯೆಂದು 2012ರ ವರದಿ ಹೇಳಿತು. ಅದೇ ವರ್ಷ ಅಮೆರಿಕ ಬರ್ಮಾ ಮತ್ತು ಆಫ್ರಿಕದ ಹೆಬ್ಬಾವುಗಳನ್ನು, 2015ರಲ್ಲಿ ಜಾಲರಿ ಹೆಬ್ಬಾವನ್ನು ಹಾನಿಕಾರಕ ವನ್ಯಜೀವಿಗಳ ಪಟ್ಟಿಗೆ ಸೇರಿಸಿ ಆಮದನ್ನು ನಿಷೇಧಿಸಿತು.

ಭಾರತದಲ್ಲಿ ಸಹಜವಾಗಿ ಇರುವ ಹೆಬ್ಬಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆಯಿದೆ. ಹಿಡಿಯುವುದು, ಮನೆಯಲ್ಲಿಟ್ಟುಕೊಳ್ಳುವುದು, ಮಾರುವುದು ಮೂರೂ ಜೈಲುಶಿಕ್ಷೆಗೆ ದಾರಿ. ಮಾನ್ಯತೆ ಪಡೆದ ಮೃಗಾಲಯಗಳಿಗೂ ಅರಣ್ಯ ಇಲಾಖೆಯ ರಕ್ಷಣಾ ಕೇಂದ್ರಗಳಿಗೂ ಮಾತ್ರ ಅವನ್ನು ಸಾಕುವ ಅಧಿಕಾರ. ಹೊರದೇಶದ ಹೆಬ್ಬಾವುಗಳ ವಿಷಯ ಬಹುಕಾಲ ಅಸ್ಪಷ್ಟವಾಗಿಯೇ ಇತ್ತು. ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳನ್ನು ಸಾಕುವವರು ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಮರಿಯಾದರೆ, ಸತ್ತರೆ, ಕೈ ಬದಲಾದರೆ ಅದನ್ನೂ ತಿಳಿಸಬೇಕು. ಕಳ್ಳಸಾಗಣೆ ಮಾತ್ರ ನಿಂತಿಲ್ಲ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ 2023ರ ಸೆಪ್ಟೆಂಬರಿನಲ್ಲಿ ಬ್ಯಾಂಕಾಕಿನಿಂದ ಬಂದ ಸಾಮಾನಿನೊಳಗೆ ಒಂದೇ ಸಲಕ್ಕೆ 55 ಬಾಲ್ ಪೈಥಾನುಗಳು ಸಿಕ್ಕಿದ್ದವು.